ಹುಬ್ಬಿನ ಮೇಲೆ ಅಂಗೈ

ಟಪ್, ನಲ್ಲಿಯ ಬಾಯಿಂದ ಒಂದು ಹನಿ ಬಕೆಟ್ಟಿಗೆ ಬಿತ್ತು, ಇನ್ನೊಂದು ಬೀಳಲಿ ಎಂದು ಕಾಯುತ್ತಾ ಅವಳು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾಳೆ, ಬಸ್ಸಿನ ಸೀಟಿನಲ್ಲಿ ಕೂತ ಹಾಗೆಯೇ, ಮುಂದೆ ಸ್ಟೀರಿಂಗ್ ಇಲ್ಲ ಅಷ್ಟೆ, ಹಳದಿ ಬಕೆಟ್ಟಿದೆ, ಸಣ್ಣಗೆ ಹಬೆ ಏಳುತ್ತಿದೆ, ಹಬೆಯೂ ಜಾಸ್ತಿ ಬೇಡ ಎಂದಿದ್ದಳು ನರ್ಸ್, ಉಗುರುಬೆಚ್ಚಗಿದ್ರೆ ಸಾಕು, ಕತ್ತಿನಿಂದ ಕೆಳಗೆ ಎಷ್ಟು ಬೇಕಾದ್ರೂ ಹುಯ್ಕೊಳ್ಳಿ, ತಲೆಗೆ ಹಾಕ್ಕೊಳ್ಳೋದಾದ್ರೆ ಯಾರಾದ್ರೂ ಜೊತೇಲಿರಲಿ, ತಲೆ ಹಿಂದಕ್ಕೆ ವಾಲಿಸಿ, ಮುಂದಕ್ಕೆ ಬಗ್ಗಲೇಬೇಡಿ, ಉಜ್ಜಬೇಡಿ, ಸೋಪಿನ ನೊರೆ ಹೊಲಿಗೆಗೆ ತಾಗಿದ್ರೆ ಕೀವಾಗುತ್ತೆ, ಕೀವಾದ್ರೆ ಊದುತ್ತೆ — ಊದಿದರೆ ಸೋಮವಾರ ಹೋಯಿತು. ಮುಂದಿನ ಸೋಮವಾರ ಡಿಪೋದಲ್ಲಿ ಮತ್ತೆ, ಚಾಲಕರು ನಿದ್ದೆಗೆ ಜಾರಿದರೆ ಕೂಗುವ ಆ ಕ್ಯಾಮೆರಾದ ಎದುರು ಕೂರಬೇಕು, ಅದು ಇವಳ ಕಣ್ಣು ತೆರೆದಿದೆ ಎಂದರೆ ಬಸ್ಸು, ಇಲ್ಲವಾದರೆ ವಾಷಿಂಗ್ ಬೇಯಲ್ಲಿ ಬಸ್ಸಿಗೆ ನೀರು ಹೊಡೆಯುವ ಕೆಲಸ. ಹತ್ತೊಂಬತ್ತು ವರ್ಷ ಒಂದು ಗೀರು ಬೀಳದ ಹಾಗೆ ಓಡಿಸಿದವಳು, ಈಗ ಐದು ದಿನದ ಹಿಂದೆ ಎರಡೂ ಮೇಲ್ರೆಪ್ಪೆ ಕೊಯ್ಸಿಕೊಂಡು ಬಂದು ಬಚ್ಚಲಲ್ಲಿ ಹನಿಗೆ ಹೆದರುತ್ತಾ ಕೂತಿದ್ದಾಳೆ. ಹುಷಾರು ಕಣೇ, ಎಂದು ಹೊರಗಿನಿಂದ ಅಕ್ಕ, ಟವೆಲ್ ಹುಡುಕುತ್ತಿದ್ದಾಳೆ, ಬೀರುವಿನ ಬಾಗಿಲು ಕಿರ್ರೆಂದಿತು, ನಾನು ಬರೋತನಕ ಚೊಂಬು ಮುಟ್ಟಿದ್ರೆ ನೋಡು. ಮುಟ್ಟುವುದಿಲ್ಲ. ಮುಚ್ಚಿದ ಕಣ್ಣೊಳಗೆ ಕೆಂಪು ಬೆಳಕು, ರೆಪ್ಪೆಯ ಮೇಲೆ ಹೊಲಿಗೆಯ ತುದಿಗಳು ಇರುವೆ ಕಾಲಿನ ಹಾಗೆ ಚುಚ್ಚುತ್ತವೆ, ತುರಿಸುತ್ತವೆ, ಹಬೆಯ ಈ ವಾಸನೆ, ಬಿಸಿನೀರು ಸೋಪು ಸೇರಿದ ಈ ವಾಸನೆ ಎಲ್ಲಿದ್ದರೂ ಅವಳನ್ನು ಎಳೆದುಕೊಂಡು ಹೋಗುವುದು ಒಂದೇ ಕಡೆಗೆ — ಚಿಕ್ಕಂದಿನ ಭಾನುವಾರ, ಒಂದೇ ಮಣೆಯ ಮೇಲೆ ಅಕ್ಕ ಮುಂದೆ ಇವಳು ಹಿಂದೆ, ಅಮ್ಮನ ಸೀರೆ ಮೊಣಕಾಲಿನ ತನಕ ಎತ್ತಿ ಸಿಕ್ಕಿಸಿದೆ, ಬಗ್ಗು, ಇನ್ನೂ ಬಗ್ಗು, ನಾನಿದ್ದೀನಲ್ಲ, ಮತ್ತು ಹುಬ್ಬಿನ ಮೇಲೆ ಅಡ್ಡಕ್ಕೆ ಒತ್ತಿ ನಿಲ್ಲುವ ಅಂಗೈ. ಕಿಟಕಿಯ ಮೇಲಿನ ಸಜ್ಜದ ಹಾಗೆ. ನೀರು ಅಲ್ಲಿಗೆ ಬಂದು ಎರಡಾಗಿ ಸೀಳಿ ಕಿವಿಗಳ ಪಕ್ಕದಿಂದ ಇಳಿದು ಹೋಗುತ್ತಿತ್ತು, ಕಣ್ಣಿಗೆ ಮಾತ್ರ ಇಲ್ಲ, ಒಂದು ದಿನವೂ ಇಲ್ಲ. ಒರಟು ಕೈ, ಹೆಬ್ಬೆರಳಿನ ಬುಡದಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ನುಣ್ಣನೆಯ ಕಲೆ, ಅದೊಂದು ಜಾಗ ಮಾತ್ರ ರೇಷ್ಮೆ.

ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿಯವಳು, ದಿನಕ್ಕೆ ನಾನೂರು ಹಾಸಿಗೆ ಚಾದರ, ಅಮ್ಮನಿಗೂ ಇದೇ ರೆಪ್ಪೆ, ಮಡಿಸಿಟ್ಟ ಚಾದರದ ಹಾಗೆ ಕಣ್ಣಿನ ಮೇಲೆ ದಪ್ಪಗೆ ಬಿದ್ದಿರುವ ರೆಪ್ಪೆ, ಅಕ್ಕನಿಗೂ ಅದೇ, ಇವಳಿಗೂ ಅದೇ — ಇತ್ತು. ಏನಮ್ಮಾ, ನಿಂತಲ್ಲೇ ನಿದ್ದೆನಾ, ಎಂದು ಮೇಸ್ತ್ರಿ ಒಂದು ದಿನ ಎಲ್ಲರೆದುರು ಕೇಳಿದನಂತೆ, ಅಮ್ಮ ಇಸ್ತ್ರಿ ನಿಲ್ಲಿಸಲಿಲ್ಲ, ರೆಪ್ಪೆ ಎತ್ತಲೂ ಇಲ್ಲ, ನಿಮ್ಮ ಅಂಗಿಯ ಮೂರನೇ ಗುಂಡಿ ಕಿತ್ತೋಗಿದೆ ಸಾರ್, ಎಡಗಾಲಿನ ಸಾಕ್ಸು ಬೇರೆ ಬಣ್ಣ, ಜೇಬಲ್ಲಿ ಅರ್ಧ ಬೀಡಿ, ಇನ್ನೂ ಏನೇನು ನೋಡಬೇಕು ಹೇಳಿ. ಇಡೀ ವಿಭಾಗ ಬಿದ್ದು ಬಿದ್ದು ನಕ್ಕಿತಂತೆ, ಅಮ್ಮ ಆ ಕಥೆ ಹೇಳುವಾಗೆಲ್ಲ ಇವರಿಬ್ಬರೂ ಬಾಯಿಪಾಠ ಒಪ್ಪಿಸಿದ ಹಾಗೆ ಕೊನೆಯ ಮಾತನ್ನು ಜೊತೆಗೂಡಿ ಕೂಗುತ್ತಿದ್ದರು. ಮೇಸ್ತ್ರಿಗೆ ಅಂಗಿಯಿತ್ತು, ಅಂಗಿಗೆ ಗುಂಡಿಯಿತ್ತು, ಉತ್ತರ ಕೊಡಬಹುದಿತ್ತು. ಬಸ್ಸಿನ ಮುಂಗಾಜಿನ ಮೇಲೆ ಅಂಟಿಸಿದ ಆ ಕರೀ ಕ್ಯಾಮೆರಾಕ್ಕೆ ಏನು ಹೇಳುವುದು, ಅದೇ ಒಂದು ಗುಂಡಿಯಷ್ಟಿದೆ. ಪೀ ಪೀ ಪೀ, ಚಾಲಕರು ನಿದ್ರಿಸುತ್ತಿದ್ದಾರೆ, ಎಂದು ತುಂಬಿದ ಬಸ್ಸಿನಲ್ಲಿ ಅದರ ಕೀರಲು ದನಿ, ಐವತ್ತು ತಲೆ ಒಟ್ಟಿಗೆ ಎದ್ದವು, ಅಯ್ಯೋ ನಿದ್ದೆ ಮಾಡ್ತಿದ್ದಾಳಂತೆ, ನಿಲ್ಸಮ್ಮಾ, ನಾವು ಇಳೀತೀವಿ, ಆಗ ಇವಳು ಮುಂದಿನ ಲಾರಿಯ ನಂಬರು, ಎಡಕ್ಕೆ ನುಗ್ಗುತ್ತಿದ್ದ ಸೈಕಲ್ಲು, ಸಿಗ್ನಲ್ಲಿಗೆ ಉಳಿದ ನಾಲ್ಕು ಸೆಕೆಂಡು ಎಲ್ಲವನ್ನೂ ನೋಡುತ್ತಿದ್ದಳು, ಯಂತ್ರ ರೆಪ್ಪೆಯನ್ನು ನೋಡುತ್ತಿತ್ತು. ಮೊದಲ ಮೆಮೋ, ಎರಡನೆಯದು, ಮೂರನೆಯದು. ನಾನು ನಂಬ್ತೀನಿ ಮೇಡಂ, ಎಂದ ಡಿಪೋ ಮ್ಯಾನೇಜರ್, ಮಷೀನ್ ನಂಬಲ್ವಲ್ಲ, ಆ ರೆಪ್ಪೆ ಸರಿ ಮಾಡಿಸ್ಕೊಂಡು ಬನ್ನಿ. ಮಷೀನನ್ನು ತಂದವರು ಯಾರು ಸಾರ್, ಅದರೊಳಗೆ ಕಣ್ಣು ಅಂದರೆ ಇಷ್ಟಗಲ ಇರಬೇಕು ಅಂತ ಗೆರೆ ಎಳೆದವರು ಯಾರು, ಯಾರ ಮುಖ ನೋಡಿ ಎಳೆದರು, ಅವರ ಮನೆಯವರ ಮುಖವಾ — ಎಲ್ಲವೂ ಗಂಟಲ ತನಕ ಬಂದಿತ್ತು, ಹೊರಗೆ ಬಂದದ್ದು ಆಯ್ತು ಸಾರ್ ಎಂಬ ಎರಡು ಪದ. ಮೆಕ್ಯಾನಿಕ್ ಮಾತ್ರ ನಕ್ಕ, ನಿದ್ರಾದೇವಿ, ಅದಕ್ಕೊಂದು ಸುತ್ತಿಗೆ ಏಟು ಕೊಡ್ಲಾ, ಆಕಸ್ಮಿಕ ಅಂತ ಬರೆದುಬಿಡೋಣ. ಕೊಡು ಎಂದಿದ್ದರೆ! ರಜೆ ಅರ್ಜಿಯಲ್ಲಿ ಗುಮಾಸ್ತ ತಾನೇ ಬರೆದುಕೊಂಡ, ಕಾರಣ ಸೌಂದರ್ಯ ಚಿಕಿತ್ಸೆ, ಹಾಗಾಗಿ ಕಾಯಿಲೆ ರಜೆ ಸಿಗಲ್ಲ, ಸೌಂದರ್ಯ! ಖಾಕಿ ಅಂಗಿ, ಬೆವರು, ಸೀಳಿದ ಹಿಮ್ಮಡಿ, ನಲವತ್ತೊಂಬತ್ತರ ವಯಸ್ಸು. ಎಚ್ಚರವಿರುವಾಗಲೇ ಕೊಯ್ದರು, ಮರಗಟ್ಟಿದ ಕಣ್ಣ ಮೇಲೆ ಕತ್ತರಿಯ ಕಚ್ ಕಚ್ ಕೇಳಿಸುತ್ತಿತ್ತು, ಕೊನೆಗೆ ಸ್ಟೀಲ್ ತಟ್ಟೆಯಲ್ಲಿ ಎರಡು ಚೂರು ಚರ್ಮ, ಈರುಳ್ಳಿ ಸಿಪ್ಪೆಯಷ್ಟು ತೆಳು, ಅದನ್ನೇನು ಮಾಡ್ತೀರಿ ಅಂದಳು, ಏನ್ ಮಾಡೋದು, ಕಸಕ್ಕೆ, ಎಂದಳು ನರ್ಸ್. ಕಸಕ್ಕೆ. ಅಮ್ಮ ಬಿಟ್ಟು ಹೋದದ್ದು ಅಷ್ಟೇ, ಫೋಟೋ ಕೂಡ ಇರಲಿಲ್ಲ, ಕನ್ನಡಿ ನೋಡಿದರೆ ಸಾಕಿತ್ತು.

ಕಣ್ಣು ಬಿಡಮ್ಮಾ ಸಿನಿಮಾ ನಟಿ, ಅಕ್ಕ ಒಳಗೆ ಬಂದಳು, ಇವಳ ಹಣೆಯ ಕೂದಲ ಅಂಚಿಗೆ ಟವೆಲ್ಲನ್ನು ಪಟ್ಟಿಯಂತೆ ಸುತ್ತಿ ಬಿಗಿದಳು, ಶಾಲೆಯ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ ಎತ್ತಿ ಎತ್ತಿ ಗಟ್ಟಿಯಾದ ಕೈ, ಹಿಂದೆ ನಿಂತು ಕತ್ತು ಹಿಡಿದಳು, ವಾಲು, ಹಿಂದಕ್ಕೆ ವಾಲು. ಮೊದಲ ಚೊಂಬು ನೀರು ನೆತ್ತಿ ಮುಟ್ಟಿದ್ದೇ ತಡ ಕತ್ತು ತಾನಾಗಿ ಮುಂದಕ್ಕೆ ಬಗ್ಗಿತು, ನಲವತ್ತು ವರ್ಷ ಬಗ್ಗಿಯೇ ಮಿಂದ ಕತ್ತು, ಬಗ್ಗು, ಇನ್ನೂ ಬಗ್ಗು, ನೀರು ಟವೆಲ್ ದಾಟಿ ಹುಬ್ಬಿನ ಕಡೆಗೆ ಹರಿದು — ಏಯ್ ಕತ್ತೆ, ಎಂದು ಅಕ್ಕ ಕೂದಲು ಹಿಡಿದು ಹಿಂದಕ್ಕೆಳೆದಳು, ಹೊಲಿಗೆ ಬದುಕಿತು, ನೀರು ಹುಬ್ಬಿನ ಕೂದಲಲ್ಲೇ ನಿಂತಿತು. ಅಮ್ಮ ಇದ್ದಿದ್ರೆ ಒಂದು ಬಿಡ್ತಿದ್ಳು ನಿಂಗೆ. ಅಮ್ಮ ಇದ್ದಿದ್ರೆ ಕೊಯ್ಸೋಕೇ ಬಿಡ್ತಿರಲಿಲ್ಲ, ಎಂದಳು ಇವಳು, ಕಣ್ಣು ತೆರೆದಳು, ಐದು ದಿನಗಳಲ್ಲಿ ಮೊದಲ ಸಲ ಅಕ್ಕನನ್ನು ಇಷ್ಟು ಹತ್ತಿರದಿಂದ, ಊದಿದ ಸಂದಿಯಿಂದ, ತಲೆಕೆಳಗಾಗಿ ನೋಡಿದಳು. ಅಕ್ಕ ನೆತ್ತಿಗೆ ಸೋಪು ಸವರಿದಳು. ನೊರೆ ತೊಳೆದಳು, ನಿಧಾನವಾಗಿ, ಕಿವಿ ಹಿಂದೆ, ಕತ್ತಿನ ಸಂದಿಯಲ್ಲಿ, ಆಮೇಲೆ ಸುತ್ತಿ ಮುಂದೆ ಬಂದು ಭುಜಕ್ಕೆ ಸೋಪು ಹಚ್ಚುತ್ತಾ, ಏನೋ ಉಪ್ಪು ಕೇಳುವವಳ ಹಾಗೆ, ತುಂಬಾ ನೋವಾಯ್ತೇನೇ ಅಂದಳು. ಯಾಕೆ. ಸುಮ್ನೆ ಕೇಳ್ದೆ. ಸುಮ್ಮನೆ ಕೇಳುವವಳಲ್ಲ ಅಕ್ಕ. ಹೇಳಕ್ಕಾ. ನನ್ನ ಮಗಳಿಗೂ ಹೇಳಿದಾರಂತೆ ಕಣೇ, ಡ್ರೈವರ್ ಟ್ರೈನಿಂಗಲ್ಲಿ, ಮಷೀನ್ ಮೂರು ಸಲ ಕೂಗಿತಂತೆ, ನಿಮ್ಮ ಚಿಕ್ಕಮ್ಮ ಮಾಡಿಸ್ಕೊಂಡ್ರಲ್ಲ, ನೀನೂ ಮಾಡಿಸ್ಕೊಂಡು ಬಾ, ಆಮೇಲೆ ಕೆಲಸದ ಆರ್ಡರ್ ಕೊಡ್ತೀವಿ ಅಂದ್ರಂತೆ. ಟಪ್, ನಲ್ಲಿ. ನಿಮ್ಮ ಚಿಕ್ಕಮ್ಮ ಮಾಡಿಸಿಕೊಂಡರಲ್ಲ — ಆ ಹುಡುಗಿ, ಎಂಟು ವರ್ಷದವಳು ಖಾಲಿ ಬಸ್ಸಿನ ಸ್ಟೀರಿಂಗ್ ಹಿಡಿದು ಚಿಕ್ಕಮ್ಮಾ ನಾನೂ ದೊಡ್ಡ ಬಸ್ಸೇ ಎಂದವಳು, ಅವಳ ರೆಪ್ಪೆ, ಸ್ಟೀಲ್ ತಟ್ಟೆ, ಇನ್ನೆರಡು ಸಿಪ್ಪೆ, ತಾನು ಬಗ್ಗಿದ್ದರಿಂದ. ಇಲ್ಲ ಅಂದಳು, ದನಿ ಬಚ್ಚಲಿನ ಗೋಡೆಗೆ ಬಡಿದು ವಾಪಸು ಬಂತು, ಇಲ್ಲಕ್ಕಾ, ಅವಳದ್ದನ್ನ ಮುಟ್ಟೋಕೆ ಬಿಡಲ್ಲ, ಸೋಮವಾರ ನಾನು ಆ ಕ್ಯಾಮೆರಾ ಮುಂದೆ ಕೂರಲ್ಲ, ಡ್ರೈವರ್‌ಗಳನ್ನೆಲ್ಲ ಕರ್ಕೊಂಡು ಡಿಪೋ ಗೇಟ್ ಹತ್ರ ಕೂರ್ತೀನಿ, ಈ ಹೊಲಿಗೆ ತೋರಿಸ್ತೀನಿ, ಬೇಕಾದ್ರೆ ಕಿತ್ಕೊಳ್ಳಲಿ ಬಸ್ಸು. ಅಳಬೇಡ್ವೇ, ಹೊಲಿಗೆಗೆ ತಾಗುತ್ತೆ, ಅಂದಳು ಅಕ್ಕ, ಅಳುತ್ತಿದ್ದದ್ದು ಅಕ್ಕನೇ, ಬಗ್ಗಿ ನಿಂತಿದ್ದಳು, ಎರಡೂ ಕೈ ತುಂಬ ನೊರೆ, ಹಬೆಗೆ ಹಣೆ ಬೆವರಿ ನೀರು ಸಾಲುಗಟ್ಟಿ ಹುಬ್ಬಿನ ಕಡೆಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಇಲ್ಲ, ಇವಳ ಕೈ ಯಾವಾಗ ಎದ್ದಿತೋ, ಅಡ್ಡಕ್ಕೆ, ಒತ್ತಿ, ಅಕ್ಕನ ಹುಬ್ಬಿನ ಮೇಲೆ, ಬೆವರು ಅಲ್ಲಿಗೆ ಬಂದು ಎರಡಾಗಿ ಸೀಳಿತು, ಅದರ ಕೆಳಗೆ ದಪ್ಪಗೆ ಮಡಿಸಿದ ಎರಡು ರೆಪ್ಪೆ, ಅರ್ಧ ಮುಚ್ಚಿ, ಎಲ್ಲವನ್ನೂ ನೋಡುತ್ತಾ, ಅಮ್ಮ, ನಾನಿದ್ದೀನಲ್ಲ, ಅಂಗೈ, ಹುಬ್ಬಿನ ಮೇಲೆ ಅಂಗೈ —