ಐದು ಬೆರಳು

ಕೆನಡಾದ ಸಸ್ಕಾಚೆವಾನ್‌ನ ಜಲ್ಲಿ ರಸ್ತೆಯಲ್ಲಿ ಎದುರು ಬಂದವರಿಗೆಲ್ಲ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತಬೇಕು. ಗುರುತಿರಲಿ ಬಿಡಲಿ, ಒಂದೇ ಬೆರಳು; ಅದೇ ಅಲ್ಲಿನ ನಮಸ್ಕಾರ. ಆದರೆ ತಾನು ಹುಟ್ಟಿದ ಊರು ಹತ್ತಿರವಾಗುತ್ತಲೇ, ಹಸಿರು ಟ್ರಕ್ಕಿನಲ್ಲಿ ಬಂದ ಹೆಂಗಸಿಗೆ ಓರೆಸ್ಟ್ ಇಡೀ ಕೈಯನ್ನೇ ಎತ್ತಿಬಿಟ್ಟ.

"ಯಾರವಳು?" ಎಂದಳು ಹೆಂಡತಿ ಮಾರ್ಲಿಸ್.

"ಯಾರೋಪ್ಪ, ಊರಿನವಳಿರ್ಬೇಕು."

"ಯಾರೋ ಆಗಿದ್ರೆ ಒಂದು ಬೆರಳು ಸಾಕಿತ್ತಲ್ಲ?"

ಹಿಂದಿನ ಸೀಟಿನಲ್ಲಿ ಮಕ್ಕಳು ಕಿಸಕ್ಕನೆ ನಕ್ಕರು. ಮಾರ್ಲಿಸ್‌ಗೆ ಮೈಯೆಲ್ಲ ಉರಿದುಹೋಯಿತು. ಊರು ತಲುಪಿದ ಮೇಲೆ ಅತ್ತೆ ಅಕ್ಕರೆಯಿಂದ ಬೇಯಿಸಿಟ್ಟ ಆಲೂಗಡ್ಡೆ ಕಡುಬನ್ನೂ ಅವಳು ತಟ್ಟೆಯಲ್ಲೇ ಬಿಟ್ಟಳು.

ವಾಪಸು ಹೊರಡುವಾಗ ಕೀ ಕಿತ್ತುಕೊಂಡು ತಾನೇ ಕಾರು ಓಡಿಸಿದಳು. ಓರೆಸ್ಟ್ ಮುಖದ ಮೇಲೆ ಟೋಪಿ ಎಳೆದುಕೊಂಡು ಗೊರಕೆ ಹೊಡೆಯತೊಡಗಿದ. ಗೋಧಿ ಹೊಲಗಳ ನಡುವೆ ಧೂಳೆಬ್ಬಿಸುತ್ತ ಅದೇ ಹಸಿರು ಟ್ರಕ್ ಮತ್ತೆ ಎದುರಾಯಿತು. ಕಾರಿನ ಗುರುತು ಹಿಡಿದು, ದೂರದಿಂದಲೇ ಆಕೆಯ ಐದೂ ಬೆರಳು ಮೇಲೆದ್ದವು. ಮುಖದ ತುಂಬ ನಗು. ಹತ್ತಿರ ಬಂದು ಮಾರ್ಲಿಸ್‌ಳನ್ನು ಕಂಡದ್ದೇ ತಡ, ಕೈ ಸರಕ್ಕನೆ ಕೆಳಗಿಳಿದು ಒಂದು ಬೆರಳು ಮಾತ್ರ ಉಳಿಯಿತು.

ಮಾರ್ಲಿಸ್ ಆ ಒಂದನ್ನೂ ಎತ್ತಲಿಲ್ಲ. ಪಕ್ಕದಲ್ಲಿ, ಟೋಪಿಯ ಕೆಳಗೆ, ಗೊರಕೆ ನಿಂತುಹೋಗಿತ್ತು.