ಮನೆ ಖಾಲಿ ಮಾಡದ ಚಳಿಗಾಲ

ಜೂನ್ ಬಂತೆಂದರೆ ನಮ್ಮ ಹೆಡ್ಮಾಸ್ಟರ್ ಮೊಖೆಲೆಯವರಿಗೆ ನಮ್ಮ ಊರಿನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕುತ್ತದೆ. “ಏನ್ ಸಾರ್ಪಾಂಗ್, ಊರಿಗೆ ಯಾವಾಗ ಹೊರಡೋದು? ಘಾನಾದಲ್ಲಿ ಈಗ ಬೆಚ್ಚಗಿರುತ್ತೆ, ಅಲ್ವಾ?” ಎಂದು ಅವರ ಶಾಲೆಯ ಲೆಕ್ಕದ ಮೇಷ್ಟ್ರಾದ ನನ್ನ ಗಂಡ ಕ್ವಾಕು ಸಾರ್ಪಾಂಗ್‌ನ ಬೆನ್ನು ತಟ್ಟಿ ಕೇಳುತ್ತಾರೆ. ಕ್ವಾಕು ಹಲ್ಲು ಬಿಡುತ್ತಾನೆ. ಇಲ್ಲಿಗೆ ಬಂದ ಎಂಟು ವರ್ಷದಲ್ಲಿ ನಾವು ನಮ್ಮೂರು ಕುಮಾಸಿಗೆ ಹೋಗಿದ್ದು ಎರಡೇ ಸಲ, ಎರಡು ಸಲವೂ ಸಾವಿಗೆ. ಅದು ಮೊಖೆಲೆಯವರಿಗೂ ಚೆನ್ನಾಗಿ ಗೊತ್ತು. ಆದರೆ ಹೊರದೇಶದ ಮೇಷ್ಟ್ರುಗಳು ಚಳಿಗಾಲದ ರಜೆಗೆ ಊರಿಗೆ ಹೋಗುತ್ತಾರೆ ಎಂದು ಶಾಲೆಯ ಮಂಡಳಿ ಯಾವತ್ತೋ ತೀರ್ಮಾನ ಮಾಡಿಬಿಟ್ಟಿದೆ. ಹೋಗುವುದರಿಂದ ಅವರ ಮನೆ ಖಾಲಿ. ಖಾಲಿಯಾದ್ದರಿಂದ, ಹಿಮ ನೋಡಲು ಡರ್ಬನ್ ಕಡೆಯಿಂದ ಘಾಟಿ ಹತ್ತಿ ಬರುವವರಿಗೆ ಅದನ್ನು ಬಾಡಿಗೆಗೆ ಬಿಡಬಹುದು. ದಕ್ಷಿಣ ಆಫ್ರಿಕಾದ ನಡುವಿನ ಲೆಸೊಥೊದ ಈ ಬೆಟ್ಟದ ನೆತ್ತಿಯಲ್ಲಿ ಜೂನ್-ಜುಲೈ ಎಂದರೆ ನಡುಚಳಿಗಾಲ, ಆ ಹಿಮಕ್ಕೆ ಅಷ್ಟು ಬೇಡಿಕೆ.

ಹಾಗಾಗಿ ಪ್ರತಿ ವರ್ಷ ನಾವು ಮೂವರು ಗಂಟು ಕಟ್ಟಿಕೊಂಡು ರಾಜಧಾನಿ ಮಸೇರುವಿಗೆ ಇಳಿಯುತ್ತಿದ್ದೆವು. ಅಲ್ಲಿ ಕ್ವಾಕುವಿನ ಗೆಳೆಯನೊಬ್ಬನ ಒಂದೇ ಕೋಣೆಯ ಮನೆ. ಅವನೂ ನಮ್ಮ ಕಡೆಯವನು, ಮನಸ್ಸು ದೊಡ್ಡದು, ಕೋಣೆ ಮಾತ್ರ ಚಿಕ್ಕದು. ನನ್ನ ಮಗಳು ಸೆರ್ವಾ ಇಡೀ ರಜೆ ಇನ್ನೊಬ್ಬರ ನಡುಮನೆಯಲ್ಲಿ ಕಾಲು ಮಡಚಿಕೊಂಡೇ ಕಳೆಯುತ್ತಿದ್ದಳು. “ಇರಲಿ ಬಿಡು, ಕೆಲಸ ಕೊಟ್ಟಿದಾರೆ” ಎನ್ನುವುದು ಕ್ವಾಕುವಿನ ಮಾತು. ಯಾರಾದರೂ ತನ್ನ ಕಾಲು ತುಳಿದರೂ ತಾನೇ ಕ್ಷಮೆ ಕೇಳುವ ಜಾತಿ.

ಹೋದ ವರ್ಷ ವಾಪಸು ಬಂದು ಅಡುಗೆಮನೆ ನೋಡಿದೆ. ಮೆಣಸಿನಕಾಯಿ ಅರೆಯುವ ನನ್ನ ಮಣ್ಣಿನ ಬೋಗುಣಿ, ನನ್ನವ್ವ ಮಡಿಲಲ್ಲಿಟ್ಟುಕೊಂಡು ಕುಮಾಸಿಯಿಂದ ತಂದುಕೊಟ್ಟದ್ದು, ಅದರ ತುಂಬ ಸಿಗರೇಟಿನ ತುಂಡು. ಯಾರೋ ಹಿಮ ನೋಡುತ್ತ ಸೇದಿ ಸೇದಿ ಅದರಲ್ಲಿ ಹೊಸಕಿದ್ದರು. ಮುಂದಿನ ವರ್ಷ ಈ ಮನೆಯಿಂದ ನನ್ನನ್ನು ಹೊತ್ತು ಹಾಕಬೇಕೇ ಹೊರತು ನಾನಾಗಿ ನಡೆದು ಹೋಗುವುದಿಲ್ಲ ಎಂದು ಅಲ್ಲೇ, ಆ ಒಲೆಯ ಮುಂದೆಯೇ ಕ್ವಾಕುವಿಗೆ ಹೇಳಿದೆ. ಅವನು ಹೂಂ ಎಂದ. ವರ್ಷ ಬಹಳ ದೂರ ಇದೆ ಎಂಬ ಧೈರ್ಯದ ಹೂಂ ಅದು.

ಈ ಮನೆಯಾದರೂ ಏನು ಅರಮನೆಯೇ? ಕಲ್ಲಿನ ಗೋಡೆ, ತಗಡಿನ ಸೂರು, ಎರಡು ಕೋಣೆ, ಒಂದು ಕಲ್ಲಿದ್ದಲ ಒಲೆ. ಬೆಳಿಗ್ಗೆ ಬಕೆಟ್ಟಿನ ನೀರು ಗಟ್ಟಿಯಾಗಿರುತ್ತದೆ. ಚಳಿಗಾಲದಲ್ಲಿ ಬಾಂಕು ಮುದ್ದೆಗೆ ಕಲಸಿಟ್ಟ ಮೆಕ್ಕೆಜೋಳದ ಹಿಟ್ಟು ಏನು ಮಾಡಿದರೂ ಹುಳಿ ಬರುವುದಿಲ್ಲ. ಅದಕ್ಕೆ ಇಲ್ಲಿನವರು ಹೊದೆಯುವ ದಪ್ಪ ಕಂಬಳಿ ಸುತ್ತಿ, ನಮ್ಮ ಮೂವರ ನಡುವೆಯೇ ಮಲಗಿಸಿಕೊಳ್ಳುತ್ತೇನೆ. ಸೆರ್ವಾ ಅದನ್ನು “ತಮ್ಮ” ಎನ್ನುತ್ತಾಳೆ. “ಅಮ್ಮಾ, ತಮ್ಮ ಉಬ್ಬಿದಾನೆ ನೋಡು!” ಎಂದು ಬೆಳಿಗ್ಗೆ ಕೂಗುತ್ತಾಳೆ. ಕಿಟಕಿಯ ಬಳಿ ನನ್ನ ಹೊಲಿಗೆ ಮಿಷನ್ನು. ಹಳ್ಳಿಯ ಹೆಂಗಸರು ಬಟ್ಟೆ ತಂದು ಹಾಕಿ, “ಮಾ-ಸೆರ್ವಾ, ಹೋದ ಸಲದ ತೋಳು ಬಿಗಿಯಾಯ್ತು ಕಣೇ” ಎಂದು ಜಗಳ ತೆಗೆಯುತ್ತಾರೆ. ನನ್ನ ಹೆಸರು ಕೊನಾಡು, ಆದರೆ ಸೆರ್ವಾಳ ತಾಯಿಯಾದ್ದರಿಂದ ಇಲ್ಲಿನವರಿಗೆ ನಾನು ಮಾ-ಸೆರ್ವಾ. ಜಗಳವಾಡಲು ಜನ ಇರುವ ಊರನ್ನು ಪರಊರು ಎಂದು ನಾನು ಒಪ್ಪುವುದಿಲ್ಲ.

ಈ ವರ್ಷ ಶಾಲೆ ಮುಚ್ಚಿದ ಮರುದಿನ ಮೊಖೆಲೆ ಬಂದರು. ಕೆಸರು ಬೂಟಿನಲ್ಲೇ ನಡುಮನೆಯವರೆಗೆ ಬಂದು, ಗೋಡೆ ಸೂರು ಎಲ್ಲ ಕಣ್ಣಲ್ಲೇ ಅಳೆದರು.

“ಶನಿವಾರ ಗೆಸ್ಟು ಬರ್ತಾರೆ. ಶುಕ್ರವಾರದೊಳಗೆ ಹೊರಟರೆ ಸಾಕು, ಅವಸರ ಇಲ್ಲ” ಎಂದರು, ದೊಡ್ಡ ಉಪಕಾರ ಮಾಡಿದವರಂತೆ.

“ನಾವು ಎಲ್ಲಿಗೂ ಹೋಗ್ತಿಲ್ಲ ಸಾರ್” ಎಂದೆ.

ಅವರು ನನ್ನ ಕಡೆ ನೋಡಲೇ ಇಲ್ಲ. “ಸಾರ್ಪಾಂಗ್, ನಿಮ್ಮ ಮನೆಯವರು ಏನೋ ಹೇಳ್ತಿದಾರೆ.”

ಕ್ವಾಕು ಎದ್ದು ಒಲೆಗೆ ಕಲ್ಲಿದ್ದಲು ಹಾಕತೊಡಗಿದ.

“ಅವರನ್ನ ಯಾಕೆ ಕೇಳ್ತೀರಿ? ನಾನೇ ಹೇಳ್ತಿದೀನಲ್ಲ” ಎಂದೆ. “ಮಂಡಳಿ ಮೇಷ್ಟ್ರಿಗೆ ಮನೆ ಕೊಟ್ಟಿರೋದು ಹನ್ನೆರಡೂ ತಿಂಗಳಿಗೆ. ಹಿಮ ಬೀಳೋ ತಿಂಗಳು ಬಿಟ್ಟು ಅಂತ ಎಲ್ಲೂ ಹೇಳಿಲ್ಲ.”

“ಅಮ್ಮಾ, ಹೊರದೇಶದವರು ರಜೆಗೆ ಮನೆಗೆ ಹೋಗೋದು ರೂಢಿ.”

“ನಾವೂ ಮನೆಗೇ ಬಂದಿದೀವಿ. ಇದೇ ಅದು.”

ಮೊಖೆಲೆ ನಕ್ಕರು. ಮಕ್ಕಳು ಗುಣಾಕಾರ ತಪ್ಪು ಮಾಡಿದಾಗ ನಗುವ ನಗೆ. “ಆಗಸ್ಟ್‌ನಲ್ಲಿ ಸಾರ್ಪಾಂಗ್ ಅವರ ಕೆಲಸ ಮುಂದುವರಿಸೋ ವಿಷಯ ಮಂಡಳಿ ಮುಂದೆ ಬರುತ್ತೆ” ಎಂದು ಹೇಳಿ, ಬಂದ ಬೂಟಿನಲ್ಲೇ ಹೊರಟುಹೋದರು.

ಅವರು ಹೋದ ಮೇಲೆ ಕ್ವಾಕು ತಲೆ ಮೇಲೆ ಕೈ ಹೊತ್ತು ಕೂತ. “ನಿನಗೆ ಬೋಗುಣಿ ಮುಖ್ಯವೋ ನನ್ನ ಕೆಲಸ ಮುಖ್ಯವೋ? ಕೆಲಸ ಹೋದ್ರೆ ಪರ್ಮಿಟ್ಟೂ ಹೋಗುತ್ತೆ ಕೊನಾಡು, ಆಮೇಲೆ ಈ ಮನೆಯಲ್ಲ, ಈ ದೇಶವೇ ಇಲ್ಲ.”

“ಗೊತ್ತು.”

“ಗೊತ್ತಿದ್ದೂ?”

“ಗೊತ್ತಿದ್ದೂ. ಹೋದ ವರ್ಷ ಸೆರ್ವಾ ನಿನ್ನ ಗೆಳೆಯನ ಮನೇಲಿ ಏನು ಕೇಳಿದ್ಲು, ನೆನಪಿದೆಯಾ? ಅಪ್ಪಾ, ನಾವು ಏನು ತಪ್ಪು ಮಾಡಿದ್ವಿ ಅಂತ. ಈ ವರ್ಷ ಅದಕ್ಕೆ ನೀನು ಉತ್ತರ ಹೇಳ್ತೀಯಾದ್ರೆ ಗಂಟು ಕಟ್ಟು, ಬರ್ತೀನಿ.”

ಅವನು ಗಂಟು ಕಟ್ಟಲಿಲ್ಲ. ಹಾಗಂತ ನನ್ನ ಜೊತೆ ನಿಂತ ಎಂದೂ ಅಲ್ಲ. ಎರಡು ದಿನ ಮನೆಯಲ್ಲಿ ಮುಖ ಊದಿಸಿಕೊಂಡು ಓಡಾಡಿದ. ನನಗೂ ಒಳಗೊಳಗೇ ಭಯವಿತ್ತು. ಅದನ್ನು ತೋರಿಸಿದರೆ ತಾನೇ.

ಶನಿವಾರ ಬೆಳಗಿನಿಂದಲೇ ಹಿಮ ಸುರಿಯತೊಡಗಿತು. ಬರುವವರಿಗೆ ಬಾಗಿಲಲ್ಲೇ ನಿಂತು ಏನು ಹೇಳಬೇಕೆಂದು ನಾನು ಕನ್ನಡಿಯ ಮುಂದೆ ನಿಂತು ಕಲಿತಿದ್ದೆ. “ಇದು ಬಾಡಿಗೆ ಮನೆ ಅಲ್ಲ. ನಿಮಗೆ ಯಾರು ಮಾತು ಕೊಟ್ಟರೋ ಅವರ ಮನೆಗೇ ಹೋಗಿ.” ಹೇಳುವಾಗ ಸೊಂಟದ ಮೇಲೆ ಕೈ ಇಡಬೇಕೆಂದೂ ನಿರ್ಧಾರವಾಗಿತ್ತು.

ಆದರೆ ಅವರು ಬಂದದ್ದು ನಾವು ಉಣ್ಣುವ ಹೊತ್ತಿಗೆ. ಒಲೆಯ ಪಕ್ಕ ಮೂವರೂ ಕೂತಿದ್ದೆವು. ಕಡಲೆಕಾಯಿ ಹಾಕಿದ ಕೋಳಿ ಸಾರು, ಬಿಸಿ ಬಾಂಕು, ಕಣ್ಣಲ್ಲಿ ನೀರು ಬರುವಷ್ಟು ಖಾರ. ಕೈ ಮುದ್ದೆಯಲ್ಲಿತ್ತು. ಬಾಗಿಲು ತಳ್ಳಿಕೊಂಡು, ಮೈಮೇಲೆಲ್ಲ ಹಿಮ ಹೊತ್ತ ಗಂಡಸೊಬ್ಬ, ಅವನ ಹೆಂಡತಿ, ಇಬ್ಬರ ನಡುವೆ ತುಟಿ ನೀಲಿಗಟ್ಟಿದ ಒಬ್ಬ ಮುದುಕಿ ಒಳಗೆ ಬಂದರು. ನಾನು ತಲೆಯೆತ್ತಿದೆ. ಕಲಿತ ಮಾತು ಬಾಯಿಗೆ ಬರಬೇಕಿತ್ತು.

“ಬನ್ನಿ, ಊಟಕ್ಕೆ ಬನ್ನಿ” ಎಂದಿತು ನನ್ನ ಬಾಯಿ.

ನಮ್ಮಲ್ಲಿ ಉಣ್ಣುವಾಗ ಯಾರು ಕಣ್ಣಿಗೆ ಬಿದ್ದರೂ ಹೀಗೆ ಕರೆಯುತ್ತೇವೆ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನನ್ನೂ, ಸಾಲ ಕೇಳಲು ಬಂದವನನ್ನೂ ಕರೆಯುತ್ತೇವೆ. ಕರೆಸಿಕೊಂಡವರು “ನನ್ನ ಕೈಯೂ ಅದರಲ್ಲೇ ಇದೆ ಅಂದ್ಕೊಳ್ಳಿ” ಎಂದು ನಕ್ಕು ಮುಂದೆ ಹೋಗುತ್ತಾರೆ. ಯಾರೂ ನಿಜವಾಗಿ ಬಂದು ಕೂರುವುದಿಲ್ಲ. ಕೂರಬಾರದು ಎಂದು ಹಾಲುಗಲ್ಲದ ಮಗುವಿಗೂ ಗೊತ್ತು.

ಡರ್ಬನ್ನಿನ ಈ ಮುದುಕಿಗೆ ಗೊತ್ತಿರಲಿಲ್ಲ. “ದೇವರು ನಿನ್ನ ಚೆನ್ನಾಗಿಟ್ಟಿರಲಿ ಮಗಳೇ” ಎಂದು ಕೈ ತೊಳೆದು ಸೀದಾ ಸೆರ್ವಾಳ ಪಕ್ಕ ಕೂತು, ಒಂದು ತುತ್ತು ಮುರಿದು ಸಾರಿಗೆ ಅದ್ದಿಯೇಬಿಟ್ಟಿತು. ಕ್ವಾಕು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಸೆರ್ವಾ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕೆಂದಳು.

ಮಗ ಮಬಾಸೊ ಮುಜುಗರದಿಂದ ನಿಂತೇ ಇದ್ದ. ಸೊಸೆ ಮಾತ್ರ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, “ಅಡುಗೆಯವರೂ ಇರ್ತಾರೆ ಅಂತ ಹೆಡ್ಮಾಸ್ಟ್ರು ಹೇಳಿರ್ಲೇ ಇಲ್ಲ. ಒಳ್ಳೇದಾಯ್ತು ಬಿಡಿ. ಅತ್ತೆಗೆ ಖಾರ ಸ್ವಲ್ಪ ಕಮ್ಮಿ ಮಾಡಿ” ಎಂದಳು.

ಕೋಪ ನೆತ್ತಿಗೆ ಸರ್ರನೆ ಏರಿತು. ಕೋಟನ್ನು ಅವಳ ಕೈಗೇ ವಾಪಸು ಇಟ್ಟೆ. “ನಾನು ಅಡುಗೆಯವಳಲ್ಲ. ಇದು ನನ್ನ ಮನೆ. ಇವರು ನನ್ನ ಗಂಡ, ಇಲ್ಲಿ ಲೆಕ್ಕದ ಮೇಷ್ಟ್ರು. ನಾವು ಊರಿಗೆ ಹೋಗಿದೀವಿ ಅಂತ ನಿಮಗೆ ಹೇಳಿದಾರೆ. ಹೋಗಿಲ್ಲ, ಹೋಗೋದೂ ಇಲ್ಲ.”

ಸೊಸೆಯ ಮುಖ ಇಳಿಯಿತು. ಮುದುಕಿ ಬೆರಳು ನೆಕ್ಕುತ್ತ, “ಅಡುಗೆಯವಳು ಮನೆ ಯಜಮಾನನ ಪಕ್ಕ ಕೂತು ಒಂದೇ ತಟ್ಟೇಲಿ ಉಣ್ತಾಳೇನೇ? ನಂಗೆ ಬಂದ ತಕ್ಷಣ ಗೊತ್ತಾಯ್ತು. ನೀನು ಕೂತ್ಕೋ, ಖಾರ ಸರಿಯಾಗೇ ಇದೆ” ಎಂದಿತು. ಖಾರಕ್ಕೆ ಮುದುಕಿಯ ಮೂಗಿನಿಂದ ನೀರು ಇಳಿಯುತ್ತಿತ್ತು.

ಮಬಾಸೊ ಕೈ ಹಿಸುಕಿಕೊಂಡ. “ಅಮ್ಮಾ, ನಮಗೆ ನಿಜವಾಗಿ ಗೊತ್ತಿರ್ಲಿಲ್ಲ. ವಾಪಸ್ ಹೋಗೋಣ ಅಂದ್ರೆ ಘಾಟಿ ಮುಚ್ಚಿದಾರೆ.”

“ಮೊದ್ಲು ಉಣ್ಣಿ. ಕರೆದಾಗಿದೆ” ಎಂದೆ.

ಉಣ್ಣುತ್ತಿರುವಾಗಲೇ ಮೊಖೆಲೆ ಬಂದರು. ಕೈಯಲ್ಲಿ ನಮ್ಮ ಮನೆಯದೇ ಇನ್ನೊಂದು ಬೀಗದ ಕೈ. ನಮ್ಮನ್ನೆಲ್ಲ ಒಟ್ಟಿಗೆ ನೋಡಿ ಹೊಸ್ತಿಲಲ್ಲೇ ಒಂದು ಗಳಿಗೆ ನಿಂತರು.

“ಕ್ಷಮಿಸಬೇಕು ಮಬಾಸೊ, ಸ್ವಲ್ಪ ಗೊಂದಲ ಆಗಿದೆ. ಇವರು ಈಗ ಹೊರಡ್ತಾರೆ. ಹಾಸ್ಟೆಲ್ಲಿನ ಹಾಲ್ ತೆಗೆಸಿದೀನಿ ಇವರಿಗೆ.” ಒಲೆಯಿಲ್ಲದ ಹಾಲ್. ಆಮೇಲೆ ನನ್ನ ಗಂಡನಿಗೆ, “ಏಳಿ ಸಾರ್ಪಾಂಗ್. ಆಗಸ್ಟ್ ನೆನಪಿದೆಯಲ್ಲ?”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕ್ವಾಕು ಎದ್ದ. ಮುಗೀತು, ಗಂಟು ಕಟ್ಟಲು ಎದ್ದ ಎಂದುಕೊಂಡೆ. ಎಂಟು ವರ್ಷ ಅವರ ಮಾತಿಗೆ ಎದ್ದು ಎದ್ದು ಅವನಿಗೆ ಅಭ್ಯಾಸವಾಗಿಹೋಗಿತ್ತು. ಹೆಡ್ಮಾಸ್ಟರು ಒಳಗೆ ಒಂದು ಹೆಜ್ಜೆ ಇಟ್ಟರು.

“ಸಾರ್,” ಎಂದ ಕ್ವಾಕು. “ಬೂಟು ಆಚೆ ಬಿಟ್ಟು ಬನ್ನಿ.”

“ಏನಂದ್ರಿ?”

“ಬೂಟು ಸಾರ್. ನಮ್ಮನೇಲಿ ಬೂಟು ಹಾಕ್ಕೊಂಡು ಒಳಗೆ ಬರಲ್ಲ. ಕೊನಾಡು ಬೆಳಿಗ್ಗೆ ಎದ್ದು ನೆಲ ಒರೆಸಿದಾಳೆ. ಬಿಟ್ಟು ಬನ್ನಿ, ಊಟಕ್ಕೆ ಕೂತ್ಕೊಳ್ಳಿ. ಆಗಸ್ಟ್ ಬಂದಾಗ ಆಗಸ್ಟ್ ನೋಡೋಣ.”

ನನ್ನ ಮದುವೆಯಾಗಿ ಹನ್ನೆರಡು ವರ್ಷ. ಈ ಮನುಷ್ಯನನ್ನು ಇಷ್ಟು ಚೆಂದವಾಗಿ ನಾನು ಯಾವತ್ತೂ ನೋಡಿರಲಿಲ್ಲ. ಮೊಖೆಲೆ ಒಮ್ಮೆ ತಮ್ಮ ಬೂಟು ನೋಡಿಕೊಂಡರು, ಒಮ್ಮೆ ಮುದುಕಿಯನ್ನು. ಮುದುಕಿ ಕೋಳಿಯ ಮೂಳೆ ಚೀಪುತ್ತ, “ಬಾಗಿಲಾದ್ರೂ ಹಾಕಪ್ಪಾ, ಚಳಿ ಒಳಗೆ ಬರ್ತಿದೆ” ಎಂದಿತು. ಮೊಖೆಲೆ ಬಾಗಿಲು ಹಾಕಿದರು, ಆಚೆಯಿಂದ. ಆಗಸ್ಟ್‌ನಲ್ಲಿ ಅವರು ಏನು ಮಾಡುತ್ತಾರೋ, ಮಾಡದೆ ಬಿಡುವವರಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಊಟ ಮುಗಿದ ಮೇಲೆ ಮಬಾಸೊ ಗಾಡಿಯಲ್ಲೇ ಮಲಗುತ್ತೇವೆ ಎಂದು ಹಟ ಹಿಡಿದ. ನಾನು ಬಿಡಲಿಲ್ಲ. ಒಳಕೋಣೆಗೆ ಹೋಗಿ ನಮ್ಮ ಮಂಚದ ಹಾಸಿಗೆ ಕೊಡವಿದೆ, ಮಡಿ ದುಪ್ಪಟಿ ಹಾಸಿದೆ, ಪೆಟ್ಟಿಗೆಯಲ್ಲಿಟ್ಟಿದ್ದ ಹೊಸ ದಪ್ಪ ಕಂಬಳಿ ತೆಗೆದು ಮುದುಕಿಗೆಂದು ಇಟ್ಟೆ. ನಮ್ಮ ಮೂವರಿಗೆ ಒಲೆಯ ಪಕ್ಕ ನೆಲದ ಮೇಲೆ ಚಾಪೆ. ದಿಂಬಿಗೆ ಕವರು ಹಾಕಿಕೊಡುತ್ತಿದ್ದ ಕ್ವಾಕು ಇದ್ದಕ್ಕಿದ್ದಂತೆ ನಗತೊಡಗಿದ.

“ಅಲ್ವೇ, ಹೆಡ್ಮಾಸ್ಟ್ರು ಕೇಳಿದ್ದೂ ಇದೇ ತಾನೇ? ಗೆಸ್ಟು ನಮ್ಮ ಮಂಚದ ಮೇಲೆ, ನಾವು ನೆಲದ ಮೇಲೆ. ಇದಕ್ಕಾ ನನ್ನ ಕೆಲಸ ಪಣಕ್ಕಿಟ್ಟಿದ್ದು?”

“ಹೂಂ, ಇದಕ್ಕೇ” ಎಂದೆ. “ಇಷ್ಟು ವರ್ಷ ಕಿತ್ಕೊಳ್ತಿದ್ರು. ಈ ಸಲ ನಾನು ಕೊಟ್ಟಿದೀನಿ.”

ಅವನು ನಗು ನಿಲ್ಲಿಸಿ ನನ್ನನ್ನೇ ನೋಡಿದ. ಆಮೇಲೆ ದುಪ್ಪಟಿಯ ಆ ಕಡೆಯ ತುದಿ ಹಿಡಿದು, ಸುಕ್ಕಿಲ್ಲದಂತೆ ಎಳೆದು ಹಾಸಿಗೆಯ ಅಡಿ ಸಿಕ್ಕಿಸಿದ.