ಜೋಳದ ಕಣ್ಣು

“ಕೂಸು ಭೂಮಿಗೆ ಬೀಳೋತನಕ ಆ ತಲಿ ಮುಟ್ಟಬ್ಯಾಡ್ರಿ,” ಎಂದಳು ಗದ್ದೆಮ್ಮ. ಕೈಯಲ್ಲಿ ಬಿಸಿನೀರಿನ ಕೊಡವಿತ್ತು. ಅದನ್ನು ಕೆಳಗೂ ಇಡದೆ, ಗಂಡನ ಮುಖವನ್ನೂ ನೋಡದೆ ಅಷ್ಟು ಹೇಳಿ, ಪರದೆ ಸರಿಸಿ ಹಿಂದಿನ ಕೋಣೆಗೆ ಹೋದಳು.

ಯಮನೂರಪ್ಪ ತೆರೆದ ಗಾಜಿನ ಕಪಾಟಿನ ಮುಂದೆ ಹಾಗೇ ನಿಂತ. ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಒದ್ದೆ ಅರಿವೆ. ಪುರಾತತ್ವ ಇಲಾಖೆಯ ಸಾಹೇಬರು ಬರುತ್ತಾರೆಂದು ಲಿಂಗಸುಗೂರಿನ ಬಸ್ಸಿನ ಕಂಡಕ್ಟರ್ ನಿನ್ನೆ ಸಂಜೆಯೇ ಹೇಳಿ ಹೋಗಿದ್ದ. ಬರೀ ನೋಡಿಕೊಂಡು ಹೋಗಲಿಕ್ಕಲ್ಲ. ಬೆಂಗಳೂರಿನ ದೊಡ್ಡ ಪ್ರದರ್ಶನಕ್ಕೆ ಒಂದು ಗೊಂಬೆಯನ್ನು ಒಯ್ಯಲಿಕ್ಕೆ. ಅದಕ್ಕೇ ಬೆಳಿಗ್ಗೆ ಎದ್ದವನು ಕಪಾಟಿನ ಒಳಗಿನ ದೂಳನ್ನೂ ಒರೆಸೋಣವೆಂದು ಬೀಗ ತೆಗೆದಿದ್ದ. ತೆಗೆದವನಿಗೆ ಕಂಡದ್ದು ಆ ತಲೆ.

ಹೊರಗೆ ವಸ್ತುಸಂಗ್ರಹಾಲಯವೆಂದು ಬೋರ್ಡೇನೋ ಇತ್ತು. ನೋಡಿದರೆ ಮಸ್ಕಿಯ ಗುಡ್ಡದ ಬುಡದಲ್ಲಿ ಎರಡು ಕೋಣೆಯ ಮನೆ, ಅಷ್ಟೆ. ಮುಂದಿನದರಲ್ಲಿ ಗಾಜಿನ ಕಪಾಟು, ಹಿಂದಿನದರಲ್ಲಿ ಕಾವಲುಗಾರನ ಸಂಸಾರ, ನಡುವೆ ಬಾಗಿಲಿಲ್ಲದ ಚೌಕಟ್ಟಿಗೆ ಹಳೆಯ ಸೀರೆಯ ಪರದೆ. ಊರವರು ಅದನ್ನು ಗೊಂಬಿ ಮನಿ ಅನ್ನುತ್ತಿದ್ದರು. ಅಶೋಕನ ಕಲ್ಲು ನೋಡಲಿಕ್ಕೆ ಬಂದ ಸಾಲಿ ಹುಡುಗರು ಬಿಸಿಲು ತಡೆಯದೆ ಇಲ್ಲಿಗೂ ಒಂದು ಗಳಿಗೆ ನುಗ್ಗಿ, ಸುಟ್ಟ ಮಣ್ಣಿನ ಮನುಷ್ಯರನ್ನು ನೋಡಿ ನಕ್ಕು ಹೋಗುತ್ತಿದ್ದರು. ಒಬ್ಬನಿಗೆ ಕಾಲಿಲ್ಲ, ಒಬ್ಬಳಿಗೆ ಚಿವುಟಿ ಮಾಡಿದ ಮೂಗು ಬಿಟ್ಟರೆ ಮುಖವೇ ಇಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದಿನವು ಅಂತ ಸಾಹೇಬರು ಹೇಳುತ್ತಿದ್ದರು. ಇರಬಹುದು ಅಂದುಕೊಂಡು ಯಮನೂರಪ್ಪ ದಿನಾ ಗಾಜು ಒರೆಸುತ್ತಿದ್ದ.

ಅವುಗಳ ನಡುವೆ ಗೇಣುದ್ದದ ಒಬ್ಬ ತಾಯಿ. ಬಗಲಲ್ಲಿ ಕೂಸು, ಕೂಸಿನ ಒಂದು ಕೈ ಅವಳ ಎದೆಯ ಮೇಲೆ. ಕುತ್ತಿಗೆಯ ಮೇಲೆ ಏನೂ ಇಲ್ಲ, ಮುರಿದ ಜಾಗ ಮಾತ್ರ. ಇದ್ದದ್ದು ಹಾಗೆ. ಇವತ್ತು ಆ ಕುತ್ತಿಗೆಯ ಮೇಲೆ ಹಿಂದಕ್ಕೆ ತುರುಬು ಕಟ್ಟಿದ, ಗದ್ದ ಸ್ವಲ್ಪ ಚೂಪಾದ ಒಂದು ತಲೆ ಕೂತಿತ್ತು. ಹಸಿಮಣ್ಣು ಒಣಗಿ ಕೆರೆಯಂಗಳದ ಬಣ್ಣಕ್ಕೆ ತಿರುಗಿತ್ತು. ಕಣ್ಣಿನ ಜಾಗದಲ್ಲಿ ಎರಡು ಬಿಳಿಜೋಳದ ಕಾಳು.

ಜೋಳ ಕಂಡೊಡನೆ ಇದು ಯಾರ ಕೈಯೆಂದು ಅವನಿಗೆ ತಿಳಿಯಿತು. ಗದ್ದೆಮ್ಮ ಪಾಮನಕಲ್ಲೂರಿನ ಕುಂಬಾರರ ಮನೆಯ ಮಗಳು. ಮಣ್ಣೆತ್ತಿನ ಅಮಾವಾಸ್ಯೆಗೆ ಅವಳಪ್ಪ ಊರಿಗೆಲ್ಲ ಎತ್ತು ಮಾಡಿಕೊಟ್ಟರೆ, ಅವುಗಳಿಗೆ ಜೋಳದ ಕಣ್ಣು ಒತ್ತುವ ಕೆಲಸ ಇವಳದೇ ಆಗಿತ್ತಂತೆ.

ಮಗಳು ಪೀರಮ್ಮನನ್ನು ಕೊಟ್ಟದ್ದು ತುರ್ವಿಹಾಳಕ್ಕೆ. ಮೊದಲ ಎರಡು ಬಾಣಂತನಕ್ಕೂ ಅವಳು ಇದೇ ಹಿಂದಿನ ಕೋಣೆಗೆ ಬಂದಿದ್ದಳು. ಎರಡು ಕೂಸೂ ಅಳಲೇ ಇಲ್ಲ. ಸೂಲಗಿತ್ತಿ ಇಮಾಮ್‌ಬೀ ಹಿತ್ತಾಳೆ ಗಂಗಾಳ ಬಡಿದಿದ್ದೇ ಬಡಿದಿದ್ದು. ಸಪ್ಪಳಕ್ಕೆ ಬೆಚ್ಚಿಯಾದರೂ ಉಸಿರು ಹಿಡಿಯುತ್ತಾವೆಂದು. ಹಿಡಿಯಲಿಲ್ಲ. ಈಗ ಮೂರನೆಯದು. ಈ ಸಲ ಹೊಟ್ಟೆ ನೋಡಲು ಬಂದ ಇಮಾಮ್‌ಬೀ ಮುಂದಿನ ಕೋಣೆ ದಾಟುವಾಗ ಕಪಾಟಿನ ಮುಂದೆ ನಿಂತು, ತಲಿ ಇಲ್ಲದ ತಾಯಿನ್ನ ಮನ್ಯಾಗ ನಿಂದರಿಸಿಕೊಂಡು ಮಗಳನ್ನ ಹಡಿಯಾಕ ಕರೀತೀಯಲ್ಲ ನೀ, ಎಂದು ಅಂದಿದ್ದಳು. ಅವಳು ಅಂದದ್ದು ಅರ್ಧ ನಗೆಚಾಟಿಕೆಗೆ. ಅಂದ ಮೇಲೆ ಎಲೆ-ಅಡಿಕೆ ಕೇಳಿ ಹಾಕಿಕೊಂಡು ಮರೆತೂ ಬಿಟ್ಟಳು. ಗದ್ದೆಮ್ಮ ಮರೆಯಲಿಲ್ಲ. ಮುರಿದು ಭಿನ್ನವಾದದ್ದನ್ನು ದೇವರ ಜಗಲಿ ಮೇಲಿಡಬಾರದು, ಹೊಳೆಗೆ ಬಿಡಬೇಕು, ಇಲ್ಲವೇ ನೆಟ್ಟಗೆ ಮಾಡಬೇಕು. ಹೊಳೆಗೆ ಬಿಟ್ಟರೆ ಗಂಡನ ನೌಕರಿ ಹೋಗುತ್ತದೆ. ಅದಕ್ಕೆ ರಾತ್ರಿ ಗಂಡ ಮಲಗಿದ ಮೇಲೆ ಬೀಗದ ಕೈ ತೆಗೆದುಕೊಂಡು ನೆಟ್ಟಗೆ ಮಾಡಿದಳು.

ಯಮನೂರಪ್ಪ ಪರದೆಯ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ತಿಳಿಹೇಳಿ ನೋಡಿದ. ನೌಕರಿ ಖಾಯಂ ಮಾಡುವ ಕಾಗದ ಈ ಸಾಹೇಬರ ಟೇಬಲ್ಲಿನ ಮೇಲೇ ಕೂತಿದೆ. ಅವರ ಹತ್ತಿರ ಗೊಂಬೆಯ ಫೋಟೋ ಇದೆ, ಫೋಟೋದಲ್ಲಿ ತಲೆ ಇಲ್ಲ. ಇದು ನಮ್ಮ ಮನೆಯಲ್ಲ, ನಮ್ಮ ಜಗಲಿಯಲ್ಲ, ಸರಕಾರದ್ದು.

ಗದ್ದೆಮ್ಮ ಪರದೆಯ ಆಚೆಯಿಂದಲೇ ಮಾತಾಡಿದಳು. “ಮನಿ ಸರಕಾರದ್ದಿರಲಿ. ಸೂರು ಒಂದಽ ಐತಲ್ಲ? ಎರಡೂ ಇದಽ ಸೂರಿನ ಕೆಳಗ ಹೋದವು.”

ಒಳಗೆ ಪೀರಮ್ಮ ಹಲ್ಲು ಕಚ್ಚಿ ನರಳಿದಳು. ಬೆಳಗಿನ ಜಾವದಿಂದ ಹೀಗೇ ಇತ್ತು. ದವಾಖಾನೆಗೆ ಒಯ್ಯೋಣವೆಂದರೆ ನೀರು ಆಗಲೇ ಹೋಗಿವೆ, ಈಗ ಸಿಂಧನೂರಿನ ಬಸ್ಸು ಹತ್ತಿಸಿದರೆ ಅರ್ಧ ದಾರಿ ಮುಟ್ಟುವುದರೊಳಗೆ ಬಸ್ಸಿನಲ್ಲೇ ಆಗುತ್ತದೆ ಎಂದು ಇಮಾಮ್‌ಬೀ ಬೇಡವೆಂದಿದ್ದಳು.

ಅರಿವೆ ಕೈಯಲ್ಲೇ ಒಣಗುತ್ತ ಬಂತು. ಮುಟ್ಟಿ ನೋಡಿದ. ತಲೆ ಅಲುಗಲಿಲ್ಲ. ಜಾಲಿಯ ಅಂಟು ಹಾಕಿ ಕೂರಿಸಿದ್ದಾಳೆ. ನೀರು ಬಿದ್ದು ಒಂದಿಷ್ಟು ನೆನೆದರೆ ತಾನಾಗಿ ಬಿಡುತ್ತದೆ. ಒಂದು ಬೊಗಸೆ ನೀರಿನ ಕೆಲಸ. ಅವನು ಮೂಲೆಯಲ್ಲಿದ್ದ ಕುಡಿಯುವ ನೀರಿನ ಕೊಡದ ಕಡೆ ನೋಡಿದ, ಪರದೆಯ ಕಡೆ ನೋಡಿದ. ಅಷ್ಟರಲ್ಲಿ ಹೊರಗೆ ಜೀಪಿನ ಸದ್ದಾಯಿತು.

ರಂಗಧಾಮಯ್ಯ ಸಾಹೇಬರು ತುಮಕೂರು ಕಡೆಯವರು. ಬಿಸಿಲಿಗೆ ಮುಖ ಕೆಂಪಾಗಿತ್ತು, ತಲೆಯ ಮೇಲೆ ಒದ್ದೆ ಟವೆಲ್ಲು. ಕೆಟ್ಟ ಮನುಷ್ಯರೇನಲ್ಲ. ಬಂದಾಗಲೆಲ್ಲ ಯಮನೂರಪ್ಪನ ಹೆಸರು ಹಿಡಿದೇ ಮಾತಾಡಿಸುತ್ತಿದ್ದರು, ರೊಟ್ಟಿ ಕೊಟ್ಟರೆ ನೆಲದ ಮೇಲೆ ಕೂತು ಉಣ್ಣುತ್ತಿದ್ದರು. ಅದೇ ಇವತ್ತು ಅವನಿಗೆ ಕಷ್ಟವಾಯಿತು. ಬೈಯುವ ಸಾಹೇಬನಿದ್ದರೆ ಸುಳ್ಳು ಹೇಳುವುದು ಸಲೀಸು.

ಮೊದಲು ಗುಡ್ಡದ ಕಲ್ಲಿನ ಕಡೆ ಹೋಗಿ ಬರೋಣವೇ ಎಂದು ಕೇಳಿದ. ಅದನ್ನು ನೋಡಿಯೇ ಬಂದೆ ಎಂದರು. ಚಹಾ ತರಿಸಲೇ ಎಂದ. ಡ್ರೈವರ್ ಲಾಲ್‌ಸಾಬ್ ಆಗಲೇ ತರಲು ಹೋಗಿದ್ದಾನೆ ಎಂದರು. ಆಗ ಒಳಗಿನಿಂದ ಪೀರಮ್ಮನ ದನಿ ಜೋರಾಗಿ ಬಂತು. ಸಾಹೇಬರು ಬೆಚ್ಚಿ ಏನೆಂದು ಕೇಳಿದರು. ಹೇಳಿದ. ಅವರಿಗೆ ಕಸಿವಿಸಿಯಾಯಿತು. ಹಾಗಾದರೆ ನೀವು ಅಲ್ಲೇ ಇರಿ, ನಾನೇ ತೆಗೆದುಕೊಳ್ಳುತ್ತೇನೆ ಎನ್ನುತ್ತ ಚೀಲದಿಂದ ಫೋಟೋ, ಅರಳೆ, ಮರದ ಪೆಟ್ಟಿಗೆ ಹೊರಗೆ ತೆಗೆದರು. ಯಮನೂರಪ್ಪ ಕಪಾಟಿಗೆ ಬೆನ್ನು ಕೊಟ್ಟು ನಿಂತೇ ಇದ್ದ. ಎಷ್ಟು ಹೊತ್ತು ಹಾಗೆ ನಿಲ್ಲಲಾದೀತು? ಸರಿದ.

ಸಾಹೇಬರು ಬಗ್ಗಿ ನೋಡಿದರು. ಫೋಟೋ ನೋಡಿದರು. ಮತ್ತೆ ನೋಡಿದರು. ಎರಡು ಬಿಳಿ ಕಾಳು ಅವರನ್ನೇ ನೋಡುತ್ತಿದ್ದವು. ನಾಲಿಗೆಗೆ ಬೆರಳು ತಾಗಿಸಿ ಹೊಸ ಕೆನ್ನೆಯನ್ನು ಮುಟ್ಟಿದರು. ಬೆರಳಿಗೆ ಮಣ್ಣು ಬಂತು.

“ಇದನ್ನ ಯಾರು ಮಾಡಿದ್ದು, ಯಮನೂರಪ್ಪ?”

“ನಾನಽ ರೀ.”

ಪರದೆ ಸರಿಯಿತು. ಗದ್ದೆಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಚೌಕಟ್ಟಿನಲ್ಲಿ ನಿಂತಳು. “ಅಲ್ರೀ ಸಾಹೇಬ್ರ. ಇವರ ಕೈಲೆ ಒಲಿಗುಂಡು ನೆಟ್ಟಗ ಇಡಾಕ ಬರಂಗಿಲ್ಲ. ನಾ ಮಾಡೀನಿ.”

ಸಾಹೇಬರು ಕೂಗಾಡಲಿಲ್ಲ. ಟವೆಲ್ಲು ತೆಗೆದು ಮುಖ ಒರೆಸಿಕೊಂಡು, ಮಗಳಿಗೆ ಪಾಠ ಹೇಳಿದ ಹಾಗೆ ನಿಧಾನವಾಗಿ ಹೇಳಿದರು. ಇದು ದೇವರಲ್ಲಮ್ಮ. ಯಾವ ಕಾಲದಲ್ಲೋ ಯಾರೋ ಮಾಡಿದ್ದು, ಯಾತಕ್ಕೆ ಮಾಡಿದರೋ ನಮಗೂ ಪೂರ್ತಿ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ನಾವು ಕೈ ಹಾಕಬಾರದು. ಮುರಿದು ಸಿಕ್ಕಿದರೆ ಮುರಿದೇ ಇರಬೇಕು.

ಗದ್ದೆಮ್ಮ ಪೂರ್ತಿ ಕೇಳಿಸಿಕೊಂಡಳು. “ದೇವ್ರು ಹೌದೋ ಅಲ್ಲೋ ನನಗೇನ ಗೊತ್ರಿ. ತಾಯಿ ಅಂತೂ ಹೌದಲ್ರಿ, ಬಗಲಾಗ ಕೂಸೈತಿ. ಆ ಕೂಸು ಮ್ಯಾಲ ನೋಡಿದ್ರ ಅದಕ್ಕ ಏನ ಕಾಣಬೇಕ್ರಿ?”

ಒಳಗಿನಿಂದ ಇಮಾಮ್‌ಬೀ ಕರೆದಳು. ಗದ್ದೆಮ್ಮ ಉತ್ತರಕ್ಕೆ ಕಾಯದೆ ಹೋದಳು.

ಸಾಹೇಬರು ಬೆರಳಿನ ಮಣ್ಣನ್ನು ಟವೆಲ್ಲಿಗೆ ಒರೆಸಿಕೊಂಡರು. ಆಮೇಲೆ ಯಮನೂರಪ್ಪನ ಕಡೆ ತಿರುಗಿದರು. “ನಾನು ಹೊರಗಡೆ ಚಹಾ ಕುಡಿದು ಬರ್ತೀನಿ. ಅಷ್ಟರಲ್ಲಿ ನೀರು ಹಚ್ಚಿ ತೆಗೆದುಬಿಡಿ. ನಾನೇನೂ ನೋಡಿಲ್ಲ, ನೀವೇನೂ ಮಾಡಿಲ್ಲ. ಹಾಗೇ ಇದ್ದರೆ ಮಾತ್ರ ನಾನು ಬರೀಲೇಬೇಕಾಗುತ್ತೆ. ಬರೆದ ಮೇಲೆ ಖಾಯಂ ಅನ್ನೋದು ಇರಲಿ, ಈಗಿರೋ ಕೂಲಿನೂ ಉಳಿಯಲ್ಲ.”

ಇದಕ್ಕಿಂತ ಹೆಚ್ಚು ಯಾವ ಸಾಹೇಬ ಮಾಡಿಯಾನು? ಯಮನೂರಪ್ಪನಿಗೆ ಅದು ತಿಳಿಯಿತು. ಅರಿವೆಯನ್ನು ಕೊಡದಲ್ಲಿ ಅದ್ದಿ ಹಿಂಡಿದ. ಗೊಂಬೆಯನ್ನು ಎಡಗೈಯಲ್ಲಿ ಎತ್ತಿಕೊಂಡ. ಹಗುರವಾಗಿತ್ತು, ಬಿಸಿಲಿಗಿಟ್ಟ ಕುಡಿಕೆಯ ಹಾಗೆ ಸ್ವಲ್ಪ ಬೆಚ್ಚಗಿತ್ತು. ಹೊರಗೆ ಲಾಲ್‌ಸಾಬ್ ಕಪ್ಪು-ಬಸಿ ಸದ್ದು ಮಾಡುತ್ತ ಯಾವುದೋ ಊರಿನ ಸುದ್ದಿ ಹೇಳುತ್ತಿದ್ದ. ಒಳಗೆ ಪೀರಮ್ಮ ಒಮ್ಮೆ ಉದ್ದಕ್ಕೆ ಕೂಗಿದಳು. ಕೂಗು ನಡುವಿನಲ್ಲೇ ನಿಂತಿತು.

ಅವನು ಕಿವಿಗೊಟ್ಟ. ಏನೂ ಇಲ್ಲ. ಆಮೇಲೆ ಗಂಗಾಳದ ಸಪ್ಪಳ ಶುರುವಾಯಿತು.

ಮೊದಲು ನಿಧಾನ, ಆಮೇಲೆ ಜೋರು. ಇದು ಅವನ ಮೈ ಬಲ್ಲ ಸಪ್ಪಳ. ಹೋದ ಎರಡು ಸಲವೂ ಇದೇ ಜಾಗದಲ್ಲಿ ನಿಂತು ಕೇಳಿದ್ದ. ಗಂಗಾಳ ನಿಂತ ಮೇಲೆ ಹೆಂಗಸರ ಅಳು ಏಳುವವರೆಗೂ ಕೇಳಿದ್ದ. ಗದ್ದೆಮ್ಮ ಪರದೆ ಎತ್ತಿ ಅವನ ಕೈಯಲ್ಲಿದ್ದ ಗೊಂಬೆಯನ್ನು, ಒದ್ದೆ ಅರಿವೆಯನ್ನು ನೋಡಿದಳು. ಪರದೆ ಬಿಟ್ಟು ಒಳಗೆ ಹೋದಳು.

ಯಮನೂರಪ್ಪ ಅರಿವೆಯನ್ನು ಕಪಾಟಿನ ಮೇಲಿಟ್ಟ. ನೀರಿನ ಹನಿಯೊಂದು ಗಾಜಿನ ಮೇಲೆ ಇಳಿದು ಬಂತು. ದಿನಾ ಒರೆಸುವ ಗಾಜು ಅದು. ಒರೆಸಲಿಲ್ಲ.

ಸಾಹೇಬರು ಒಳಗೆ ಬಂದಾಗಲೂ ಗಂಗಾಳ ಬಡಿಯುತ್ತಲೇ ಇತ್ತು. ಅವರಿಗೆ ಆ ಸಪ್ಪಳ ಏನೆಂದು ತಿಳಿಯದು. ಶುಭದ ಸದ್ದೆಂದೇ ತಿಳಿದರೋ ಏನೋ, ಮುಖ ಸಡಿಲವಾಗಿತ್ತು. ಗೊಂಬೆಯನ್ನು ನೋಡಿ ಮತ್ತೆ ಬಿಗಿಯಿತು.

“ತೆಗೀಲಿಲ್ವಾ?”

“ಇಲ್ರಿ. ಬರಕೊಳ್ರಿ ನೀವು.”

“ಯೋಚನೆ ಮಾಡಿ ಹೇಳ್ತಿದ್ದೀರಾ?”

“ಯೋಚನಿ ಮಾಡಾಕ ಈಗ ಪುರಸತ್ತಿಲ್ರಿ. ಇನ್ನೂ ಉಸುರು ಹಿಡದಿಲ್ಲ ಅದು. ಅದಕ್ಕಽ ಬಡ್ಯಾಕತ್ತಾರ.”

ಸಾಹೇಬರು ಪರದೆಯ ಕಡೆ ನೋಡಿದರು. ಜೀಪಿದೆ, ಸಿಂಧನೂರಿಗೆ ಒಯ್ಯಬಹುದು ಎಂದರು. ಒಯ್ಯುವಷ್ಟು ಹೊತ್ತು ಉಳಿದಿಲ್ಲವೆಂಬುದು ಹೇಳುವಾಗಲೇ ಅವರಿಗೂ ತಿಳಿದಿರಬೇಕು. ಮಾತು ಅಲ್ಲಿಗೇ ಬಿಟ್ಟರು. ಏನು ಮಾಡುವುದೆಂದು ತಿಳಿಯದ ಮನುಷ್ಯ ತನ್ನ ಕೆಲಸವನ್ನೇ ಮಾಡುತ್ತಾನೆ. ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಕಾಗದವಿಟ್ಟುಕೊಂಡು ಬರೆಯತೊಡಗಿದರು. ಗಂಗಾಳ ಬಡಿಯುತ್ತಿತ್ತು. ಯಮನೂರಪ್ಪ ಗೊಂಬೆಯನ್ನು ಎರಡೂ ಕೈಯಲ್ಲಿ ಹಿಡಿದು, ಹೊಸ ತಲೆಯ ಹಿಂದೆ ಒಂದು ಅಂಗೈ ಆನಿಸಿಕೊಂಡು ನಿಂತಿದ್ದ. ಕುತ್ತಿಗೆ ನಿಲ್ಲದ ಕೂಸನ್ನು ಹಿಡಿಯುವುದು ಹಾಗೆ.

ಗಂಗಾಳ ನಿಂತಿತು.

ಸಾಹೇಬರ ಪೆನ್ನೂ ನಿಂತಿತು. ಹೊರಗೆ ಲಾಲ್‌ಸಾಬ್‌ನ ಮಾತೂ ನಿಂತಿತ್ತು. ಯಮನೂರಪ್ಪ ಕಣ್ಣು ಮುಚ್ಚಲಿಲ್ಲ. ಪರದೆಯ ಮೇಲಿನ ಹಳೆಯ ಸೀರೆಯ ಹೂವನ್ನೇ ನೋಡುತ್ತಿದ್ದ. ಹೆಂಗಸರ ಅಳು ಬರಲಿಲ್ಲ. ಏನೋ ಕೆಮ್ಮಿದ ಹಾಗಾಯಿತು. ಮತ್ತೊಮ್ಮೆ ಕೆಮ್ಮಿತು. ಆಮೇಲೆ ಬಾವಿಯ ಹಳೆಯ ಗಿರಕಿ ತಿರುಗಿದ ಹಾಗೆ ಕಿರ್ರೆಂದು ಶುರುವಾದದ್ದು ಎಳೆದುಕೊಂಡು, ಏರಿಕೊಂಡು ಹೊರಗೆ ಬಂತು.

“ಹೆಣ್ಣು,” ಎಂದಳು ಇಮಾಮ್‌ಬೀ ಒಳಗಿನಿಂದ. “ತಡಾ ಮಾಡಿ ಬಂದು ನಮಗಽ ಬೈಯಾಕತ್ತೈತಿ ನೋಡು.”

ಯಮನೂರಪ್ಪ ಕಪಾಟಿನ ಮೇಲಿನ ಅರಿವೆಯನ್ನು ತೆಗೆದುಕೊಂಡ. ಯಾರೂ ಹೇಳಲಿಲ್ಲ. ಗೊಂಬೆಯ ಕುತ್ತಿಗೆಗೆ ಅದನ್ನು ಸುತ್ತಿ, ಹೊಸ ಮಣ್ಣು ನೆನೆಯುವ ತನಕ ಹಿಡಿದುಕೊಂಡ. ಕೂಸು ಅಳುತ್ತಲೇ ಇತ್ತು. ಹೆಬ್ಬೆರಳು ಆನಿಸಿ ಮೆಲ್ಲಗೆ ತಿರುಗಿಸಿದ. ತಲೆ ಇಡಿಯಾಗಿ ಬಿಟ್ಟುಕೊಂಡಿತು. ಹಳೆಯ ಮಣ್ಣಿನ ಒಂದು ಚೂರೂ ಅದರ ಜೊತೆ ಬರಲಿಲ್ಲ. ಗೊಂಬೆಯನ್ನು ಸಾಹೇಬರ ಮುಂದೆ ಹಿಡಿದ. ಅವರು ಬೆಳಕಿಗೆ ಒಡ್ಡಿ ಕುತ್ತಿಗೆಯನ್ನು ನೋಡಿ, ಅರಳೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಮಲಗಿಸಿದರು. ಬರೆದ ಕಾಗದ ತೊಡೆಯ ಮೇಲೇ ಇತ್ತು. ಅದನ್ನು ಓದಿಕೊಂಡರು, ಕೆಳಗೆ ಸಹಿ ಹಾಕಿದರು, ಮಡಿಸಿದರು.

“ಬರೆದಾಗಿದೆ, ಯಮನೂರಪ್ಪ.”

“ಇರಲಿ ಬಿಡ್ರಿ.”

ಗದ್ದೆಮ್ಮ ಹೊರಗೆ ಬಂದು ಗಂಡನ ಮುಂದೆ ಸೆರಗಿನ ಉಡಿ ಒಡ್ಡಿದಳು. ಅವನು ಒದ್ದೆ ತಲೆಯನ್ನು ಅದರಲ್ಲಿಟ್ಟ. ಅವಳು ಉಡಿಯೊಳಗೆ ನೋಡಿದಳು. ಒಂದೇ ಕಣ್ಣಿತ್ತು. ನೆಲದ ಮೇಲೆ ಅತ್ತ ಇತ್ತ ನೋಡಿ, ಉಡಿ ಸುತ್ತಿಕೊಂಡು ಒಳಗೆ ಹೋದಳು.

ಇನ್ನೊಂದು ಕಾಳು ಪೆಟ್ಟಿಗೆಯ ಅರಳೆಯಲ್ಲಿ, ಗೊಂಬೆಯ ಕೂಸಿನ ಕೈಯ ಹತ್ತಿರ ಬಿದ್ದಿತ್ತು. ಸಾಹೇಬರು ಅದನ್ನು ತೆಗೆಯಲೆಂದು ಎರಡು ಬೆರಳು ಇಳಿಸಿದರು. ಬೆರಳು ಅಲ್ಲೇ ಒಂದು ಗಳಿಗೆ ನಿಂತವು. ಆಮೇಲೆ ಕಾಳಿನ ಮೇಲೇ ಇನ್ನೊಂದಿಷ್ಟು ಅರಳೆ ಹರವಿ, ಪೆಟ್ಟಿಗೆಯ ಮುಚ್ಚಳ ಹಾಕಿದರು.